ಸುದ್ದಿಯಿಂದ ದಾಖಲೆಗೆ

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಊರಿಗೆ ಹೋದಾಗಲೆಲ್ಲ, ಕಾಲೇಜಿನಲ್ಲಿ ಕಲಿಸಿದ್ದೂ ಕಲಿಸದಿದ್ದುದೂ ನನಗೆ ತಿಳಿದಿರಲೇಬೇಕೆಂದು ಎಲ್ಲರೂ ಭಾವಿಸುತ್ತಾರೆ. ಕರೆಂಟು ಬಿಲ್ಲಿನಿಂದ ಹಿಡಿದು ಕೊಬ್ಬರಿಯ ಧಾರಣೆಯವರೆಗೆ ಪ್ರಶ್ನೆಗಳು ಬರುತ್ತವೆ, "ಬಿ.ಎ. ಓದ್ತಾ ಇದೀಯಲ್ಲ, ನೋಡಿ ಹೇಳು" ಎಂಬುದು ಅವುಗಳ ಪಲ್ಲವಿ. ಈ ಪ್ರೀತಿಯ ಪೀಡೆ ನನ್ನ ಸಹಪಾಠಿಗಳಲ್ಲಿ ಅನೇಕರಿಗೆ ಉಂಟೆಂದು ಬಲ್ಲೆ. ಹಾಗೆ ಕೇಳಿದ ಒಂದು ಪ್ರಶ್ನೆಗೆ ನಾನು ತಪ್ಪು ಉತ್ತರ ಕೊಟ್ಟೆ. ಈ ಲೇಖನಕ್ಕೆ ಅದೇ ಕಾರಣ.

2024ರ ಡಿಸೆಂಬರ್ ತಿಂಗಳು. ನಾನಾಗ ಎರಡನೆಯ ವರ್ಷದ ವಿದ್ಯಾರ್ಥಿ. ನಮ್ಮದು ತಿಪಟೂರಿನ ಕಡೆಯ ತೆಂಗಿನ ಸೀಮೆ. ದೊಡ್ಡಪ್ಪನ ಅಟ್ಟದಲ್ಲಿ ವರ್ಷದ ಕಾಯಿ ಒಣಗಿ, ಸುಲಿದು, ಒಡೆದು, ಆರು ಚೀಲ ಕೊಬ್ಬರಿ ಮಂಡಿಗೆ ಹೊರಡಲು ಸಿದ್ಧವಾಗಿತ್ತು. ಆ ಹೊತ್ತಿಗೆ ನನ್ನ ಫೋನಿಗೆ ಯಾರೋ ಒಂದು ಸಾಲಿನ ಸುದ್ದಿ ಕಳುಹಿಸಿದರು: ಕೇಂದ್ರ ಸರಕಾರ ಕೊಬ್ಬರಿಯ ಬೆಂಬಲ ಬೆಲೆಯನ್ನು ಕ್ವಿಂಟಲಿಗೆ 422 ರೂಪಾಯಿ ಏರಿಸಿದೆ. ಸರಕಾರ ಏರಿಸಿದ ಮೇಲೆ ಮಂಡಿಯವರೂ ಏರಿಸದೆ ಇರುತ್ತಾರೆಯೇ? "ಹೊಸ ವರ್ಷ ಕಳೀಲಿ ದೊಡ್ಡಪ್ಪ, ಈಗ ಕೊಡೋದು ಬೇಡ" ಎಂದು ಅಪ್ಪಣೆ ಮಾಡಿದೆ. ಜಗಲಿಯ ಮೇಲೆ ಕುಳಿತಿದ್ದ ಅಪ್ಪ, "ಯಾವ ಕೊಬ್ಬರಿಗೋ? ನಮ್ದು ಉಂಡೆ. ಎಣ್ಣೆ ಕೊಬ್ಬರಿ ಲೆಕ್ಕವೇ ಬೇರೆ ಕಣೋ" ಎಂದರು. ಅಪ್ಪ ಮೂರನೆಯ ತರಗತಿಗೇ ಶಾಲೆ ಬಿಟ್ಟವರು. ಆ ಪ್ರಶ್ನೆಗೆ ಉತ್ತರ ಕೊಡುವ ಅಗತ್ಯವೇ ಇಲ್ಲವೆಂದು ನನಗೆ ಅಂದು ತೋರಿತು.

ವಾರ ಕಳೆದು ಕಾಲೇಜಿಗೆ ಬಂದ ಮೇಲೆ, ಬೇರೇನನ್ನೋ ಹುಡುಕುತ್ತಿದ್ದಾಗ ಕೇಂದ್ರ ಸರಕಾರದ ಪತ್ರಿಕಾ ವಾರ್ತಾ ಕಚೇರಿಯ ಜಾಲತಾಣದಲ್ಲಿ ಡಿಸೆಂಬರ್ 20ರ ಪ್ರಕಟಣೆ ಕಣ್ಣಿಗೆ ಬಿತ್ತು. ಗಿರಣಿಗೆ ಹೋಗುವ ಎಣ್ಣೆ ಕೊಬ್ಬರಿಯ ಬೆಂಬಲ ಬೆಲೆ 11,160 ರೂಪಾಯಿಯಿಂದ 11,582ಕ್ಕೆ ಏರಿತ್ತು. ಉಂಡೆ ಕೊಬ್ಬರಿಯದು 12,000ದಿಂದ 12,100ಕ್ಕೆ. ಅಂದರೆ 422 ಎಂಬ ಅಂಕಿ ಸುಳ್ಳಲ್ಲ. ಆದರೆ ಅದು ನಮ್ಮದಲ್ಲ. ನಮ್ಮ ಪಾಲಿಗೆ ಬಂದದ್ದು ಬರೇ ನೂರು ರೂಪಾಯಿ. ಅಪ್ಪ ಜಗಲಿಯ ಮೇಲೆ ಕುಳಿತೇ ಕೇಳಿದ ಪ್ರಶ್ನೆಯನ್ನು ಸುದ್ದಿ ಕಳುಹಿಸಿದವರೂ ಕೇಳಿರಲಿಲ್ಲ, ಅರ್ಥಶಾಸ್ತ್ರದ ವಿದ್ಯಾರ್ಥಿಯಾದ ನಾನೂ ಕೇಳಿರಲಿಲ್ಲ.

ಮುಂದೆ ನಡೆದುದು ಇನ್ನೂ ವಿಚಿತ್ರ. 2025ರಲ್ಲಿ ಕೊಬ್ಬರಿಯ ಬೆಲೆ ತನ್ನ ಪಾಡಿಗೆ ತಾನು ಏರುತ್ತ ಹೋಯಿತು. ವರ್ಷದ ನಡುವೆ ಬೆಂಬಲ ಬೆಲೆಯ ಇಮ್ಮಡಿಯನ್ನೂ ದಾಟಿತು. ಕಾದು ಮಾರಿದ ದೊಡ್ಡಪ್ಪನಿಗೆ ಲಾಭವಾಯಿತು. ಅಂದಿನಿಂದ ಊರಿನಲ್ಲಿ ನನಗೆ ಜೋಯಿಸನ ಪದವಿ ಪ್ರಾಪ್ತವಾಗಿದೆ. ನಾನು ಹೇಳಿದ್ದು ತಪ್ಪೆಂದು ಬಿಡಿಸಿ ಹೇಳಿದರೂ, "ಹೋಗ್ಲಿ ಬಿಡೋ, ದುಡ್ಡು ಬಂತಲ್ಲ" ಎಂದು ದೊಡ್ಡಪ್ಪ ನಗುತ್ತಾರೆ. ನನಗೆ ನಗು ಬರುವುದಿಲ್ಲ. 2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 11,750 ಇದ್ದಾಗ ಪೇಟೆಯ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ ಕುಸಿದು, ನಮ್ಮ ಸೀಮೆಯ ರೈತರು ಬೀದಿಗಿಳಿದದ್ದನ್ನು ನಾವೆಲ್ಲ ಕಂಡಿದ್ದೇವೆ. ಅಂಥ ವರ್ಷದಲ್ಲಿ ನಾನು ಇದೇ ಮಾತು ಹೇಳಿದ್ದರೆ ದೊಡ್ಡಪ್ಪನ ಮುಖವನ್ನು ಹೇಗೆ ನೋಡುತ್ತಿದ್ದೆನೋ ತಿಳಿಯದು.

ಈ ವರ್ಷ ಕಿರುಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳಿರೆಂದು ಅಧ್ಯಾಪಕರು ಹೇಳಿದಾಗ ನಾನು ಕೊಬ್ಬರಿ ವ್ಯಾಪಾರವನ್ನೇ ಆರಿಸಿಕೊಂಡೆ. ವ್ಯಾಪಾರ ಸಂಶೋಧನೆಯೆಂದರೆ ದೊಡ್ಡ ನಗರಗಳ ದೊಡ್ಡ ಸಂಸ್ಥೆಗಳಲ್ಲಿ ಕೋಟು ತೊಟ್ಟವರು ಮಾಡುವ ಕೆಲಸವೆಂಬ ಭ್ರಮೆ ನಮ್ಮಲ್ಲಿ ಅನೇಕರಿಗಿದೆ. ಸರಕು ಯಾವುದು, ಯಾರು ಕೊಂಡರು, ಎಷ್ಟಕ್ಕೆ ಕೊಂಡರು, ಏಕೆ ಕೊಂಡರು ಎಂದು ವಿಚಾರಿಸುವವನೆಲ್ಲ ವ್ಯಾಪಾರ ಸಂಶೋಧಕನೇ. ಇದಕ್ಕೆ ಬೇಕಾದ ಸಾಮಗ್ರಿಯ ಬಹುಭಾಗ ಇಂದು ಅಂತರ್ಜಾಲದಲ್ಲಿ ಸಾರ್ವಜನಿಕರ ಸೊತ್ತಾಗಿ, ಬಿಟ್ಟಿಯಾಗಿ ಬಿದ್ದಿದೆ. ನಾವು ಅದನ್ನು ಬಿಟ್ಟು ಸುದ್ದಿಯ ಹಿಂದೆ ಓಡುತ್ತೇವೆ ಎಂಬುದೇ ನನ್ನ ಆಕ್ಷೇಪಣೆ. ಮೊದಲ ಆರೋಪಿ ನಾನೇ ಆಗಿರುವುದರಿಂದ ಉಳಿದವರು ಕೋಪಿಸಿಕೊಳ್ಳಬೇಕಾಗಿಲ್ಲ.

ಧಾರಣೆಯಿಂದಲೇ ಆರಂಭಿಸೋಣ. ಕೇಂದ್ರ ಸರಕಾರದ ಆಗ್‌ಮಾರ್ಕ್‌ನೆಟ್ 2000ದಿಂದ ನಡೆದುಬಂದಿರುವ ತಾಣ. ದೇಶದ ಕೃಷಿ ಮಾರುಕಟ್ಟೆಗಳಲ್ಲಿ ಯಾವ ದಿನ ಯಾವ ಸರಕಿನ ಆವಕ ಎಷ್ಟು, ಬೆಲೆ ಎಷ್ಟು ಎಂಬುದು ಅಲ್ಲಿ ದೊರೆಯುತ್ತದೆ. ನಮ್ಮ ರಾಜ್ಯದ್ದೇ ಆದ ಕೃಷಿ ಮಾರಾಟ ವಾಹಿನಿಯಲ್ಲಿ ಕರ್ನಾಟಕದ ಮಾರುಕಟ್ಟೆಗಳ ಧಾರಣೆಯನ್ನು ಕನ್ನಡದಲ್ಲಿಯೇ ನೋಡಬಹುದು. ಇಲ್ಲಿ ಪ್ರತಿ ಸರಕಿನ ಮುಂದೆಯೂ ಮೂರು ಬೆಲೆಗಳಿರುತ್ತವೆ: ಕನಿಷ್ಠ, ಗರಿಷ್ಠ, ಮತ್ತು ಬಹುಪಾಲು ಮಾಲು ಮಾರಾಟವಾದ ಬೆಲೆ. ಮೂರನೆಯದನ್ನು ನಮ್ಮ ಸಂಖ್ಯಾಶಾಸ್ತ್ರದ ಪಾಠದಲ್ಲಿ ಬಹುಲಕವೆಂದು ಓದಿ, ಪರೀಕ್ಷೆ ಬರೆದು, ಮರೆತಿದ್ದೇವೆ. ನೂರು ಚೀಲ ಮಂಡಿಗೆ ಬಂದವು ಎಂದಿಟ್ಟುಕೊಳ್ಳಿ. ಎರಡು ಚೀಲ ಮೇಲುಮಾಲು 18,000ಕ್ಕೆ ಹೋಯಿತು; ತೊಂಬತ್ತು ಚೀಲ 16,500ಕ್ಕೆ ಹೋಯಿತು. ಫೋನಿನಲ್ಲಿ ಊರೂರು ಸುತ್ತುವುದು 18,000 ಎಂಬ ಮಾತು. ಚೀಲ ಹೊತ್ತು ಬಂದ ರೈತನಿಗೆ 16,500 ಸಿಕ್ಕಾಗ ದಲಾಲ ಮೋಸ ಮಾಡಿದನೆಂದು ಜಗಳ. ಮೋಸ ನಡೆಯುವುದೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಜಗಳಕ್ಕೆ ಮೊದಲು ಮೂರನೆಯ ಅಂಕಣವನ್ನು ನೋಡಿದರೆ, ಜಗಳವಾಡುವುದೇ ಆದಲ್ಲಿ ನ್ಯಾಯವಾಗಿ ಆಡಬಹುದು. ಬೆಲೆಯ ಜೊತೆಗೆ ಆವಕವನ್ನೂ ಗಮನಿಸಬೇಕು. ಹತ್ತು ಚೀಲ ಬಂದ ದಿನದ ಬೆಲೆಗೂ ಸಾವಿರ ಚೀಲ ಬಂದ ದಿನದ ಬೆಲೆಗೂ ಒಂದೇ ತೂಕವಿಲ್ಲ.

ಪತ್ರಿಕೆಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಪತ್ರಿಕೆ ಇಲ್ಲದಿದ್ದರೆ ಯಾವ ದಿಕ್ಕಿಗೆ ನಡೆಯಬೇಕೆಂಬುದೇ ತಿಳಿಯುತ್ತಿರಲಿಲ್ಲ. ಅದು ಕೈಮರವಿದ್ದಂತೆ, ಕೈಮರದ ಬುಡದಲ್ಲಿ ಕುಳಿತು ಊರು ಸೇರಿದೆನೆಂದುಕೊಳ್ಳುವುದು ನಮ್ಮ ತಪ್ಪು. ಸಂಪುಟದ ನಿರ್ಣಯವೆಂದು ಸುದ್ದಿ ಬಂದರೆ ಪತ್ರಿಕಾ ವಾರ್ತಾ ಕಚೇರಿಯ ಮೂಲ ಪ್ರಕಟಣೆಯನ್ನು ಓದಲು ಐದು ನಿಮಿಷ ಸಾಕು. ಅನೇಕ ಪ್ರಕಟಣೆಗಳು ಕನ್ನಡದಲ್ಲಿಯೂ ದೊರೆಯುತ್ತವೆ. ಬೆಲೆಯೇರಿಕೆ ಇಷ್ಟು ಶೇಕಡಾ ಎಂದು ಸುದ್ದಿ ಬಂದರೆ ಕೇಂದ್ರ ಸಾಂಖ್ಯಿಕ ಸಚಿವಾಲಯ ತಿಂಗಳು ತಿಂಗಳೂ ಹೊರಡಿಸುವ ಗ್ರಾಹಕ ಬೆಲೆ ಸೂಚ್ಯಂಕದ ಹಾಳೆಯನ್ನೇ ತೆರೆದು, ಅದು ಗ್ರಾಮಾಂತರದ್ದೋ ಪಟ್ಟಣದ್ದೋ, ಯಾವ ಮೂಲ ವರ್ಷವನ್ನು ಹಿಡಿದದ್ದೋ ನೋಡಬೇಕು. ಮೂಲ ವರ್ಷ ಬೇರೆಯಾದ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವುದು ಮೊಳಕ್ಕೂ ಮಾರಿಗೂ ಗಂಟು ಹಾಕಿದಂತೆ. ಬ್ಯಾಂಕು, ಸಾಲ, ವಿದೇಶೀ ವಿನಿಮಯ ಮೊದಲಾದವುಗಳಿಗೆ ರಿಸರ್ವ್ ಬ್ಯಾಂಕಿನ ದತ್ತಾಂಶ ತಾಣವೊಂದೇ ಒಂದು ಪೂರ್ಣ ಗ್ರಂಥಾಲಯ.

ಪೇಟೆಯ ದೊಡ್ಡ ಕಂಪನಿಗಳ ಕಡೆಗೆ ತಿರುಗಿದಾಗ ನನಗೆ ಎರಡನೆಯ ಸಲ ಅಪ್ಪನ ಮಾತು ನೆನಪಾಯಿತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿ ತ್ರೈಮಾಸಿಕ ಮುಗಿದ 45 ದಿನಗಳೊಳಗೆ ತನ್ನ ಫಲಿತಾಂಶವನ್ನು ಬಹಿರಂಗಪಡಿಸಬೇಕೆಂದು ಸೆಬಿಯ ನಿಯಮವಿದೆ. ವಾರ್ಷಿಕ ವರದಿಗಳ ಸಮೇತ ಅವೆಲ್ಲ ಮುಂಬಯಿಯ ಎರಡು ಷೇರು ವಿನಿಮಯ ಕೇಂದ್ರಗಳ ತಾಣಗಳಲ್ಲಿ ಯಾರಿಗಾದರೂ ಸಿಗುತ್ತವೆ. ಪ್ಯಾರಾಶೂಟ್ ಎಣ್ಣೆಯ ಮಾರಿಕೊ ಕಂಪನಿ ತನ್ನ ತ್ರೈಮಾಸಿಕ ವರದಿಗಳಲ್ಲಿ ಕೊಬ್ಬರಿ ಬೆಲೆಯ ಏರಿಳಿತವನ್ನು ಕುರಿತು ಬರೆಯುತ್ತದೆ. ಇದನ್ನು ಕಂಡು ನನಗೆ ನಿಧಿ ದೊರೆತಷ್ಟು ಸಂತೋಷವಾಯಿತು. ಅರ್ಧ ಅಧ್ಯಾಯ ಬರೆದೂ ಬಿಟ್ಟೆ. ಆಮೇಲೆ ಹೊಳೆಯಿತು: ಎಣ್ಣೆಯ ಕಂಪನಿ ಹೇಳುವುದು ಎಣ್ಣೆ ಕೊಬ್ಬರಿಯ ಮಾತು. ನಮ್ಮ ತಿಪಟೂರಿನ ಉಂಡೆ ಹೆಚ್ಚಾಗಿ ತಿನ್ನುವುದಕ್ಕೆಂದು ಉತ್ತರ ಭಾರತಕ್ಕೆ ಹೋಗುವ ಸರಕು. ಎರಡರ ಬೆಲೆಗೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಬರೆದ ಅರ್ಧ ಅಧ್ಯಾಯವನ್ನು ಹರಿದುಹಾಕಿ, ಆ ನಂಟು ಎಷ್ಟು ಗಟ್ಟಿ ಎಂಬುದನ್ನೇ ಹೊಸ ಪ್ರಶ್ನೆಯನ್ನಾಗಿ ಮಾಡಿಕೊಂಡೆ. ಪ್ರಬಂಧದಲ್ಲಿ ಓದತಕ್ಕ ಭಾಗವೇನಾದರೂ ಇದ್ದರೆ ಅದು ಇದೇ.

ರಫ್ತಿನ ವಿಷಯದಲ್ಲಿಯೂ ಹೆಸರು ಇದೇ ಬಗೆಯ ಮೋಸ ಮಾಡುತ್ತದೆ. 'ತೆಂಗಿನ ಉತ್ಪನ್ನಗಳ ರಫ್ತು ಏರಿತು' ಎಂದು ಸುದ್ದಿ ಬಂದರೆ ನಮ್ಮ ಕೊಬ್ಬರಿಯೇ ಹಡಗು ಹತ್ತಿತೆಂದು ಹಿಗ್ಗುತ್ತೇವೆ. ಆ ಲೆಕ್ಕದಲ್ಲಿ ಚಿಪ್ಪನ್ನು ಸುಟ್ಟು ತಯಾರಿಸುವ ಸಕ್ರಿಯ ಇಂಗಾಲವೂ ಸೇರಿರುತ್ತದೆ, ಮತ್ತು ಅದರ ಪಾಲು ಸಣ್ಣದಲ್ಲ. ಕೇಂದ್ರ ವಾಣಿಜ್ಯ ಇಲಾಖೆಯ ಟ್ರೇಡ್‌ಸ್ಟಾಟ್ ತಾಣದಲ್ಲಿ ಪ್ರತಿ ಸರಕಿಗೂ ಒಂದು ಸಂಕೇತ ಸಂಖ್ಯೆಯುಂಟು. ಕೊಬ್ಬರಿಗೆ 1203, ತೆಂಗಿನೆಣ್ಣೆಗೆ 1513, ಒಣ ತುರಿಗೆ 080111. ಈ ಪದ್ಧತಿಯ ಮೊದಲ ಆರು ಅಂಕಿಗಳು ಪ್ರಪಂಚದ ಬಹುತೇಕ ಎಲ್ಲ ದೇಶಗಳಲ್ಲಿಯೂ ಒಂದೇ. ಸಂಖ್ಯೆ ಗೊತ್ತಿದ್ದವನಿಗೆ ಯಾವ ಸರಕು ಯಾವ ದೇಶಕ್ಕೆ ಯಾವ ವರ್ಷ ಎಷ್ಟು ಹೋಯಿತೆಂಬುದು ಅಂಗೈಯ ನೆಲ್ಲಿಕಾಯಿ. ಅಮೆರಿಕದ ಕಂಪನಿಗಳನ್ನು ಕುರಿತು ಬರೆಯುವ ಗೆಳೆಯರಿಗೆ ಅಲ್ಲಿನ ಷೇರು ನಿಯಂತ್ರಣ ಮಂಡಲಿಯ ಎಡ್ಗರ್ ಎಂಬ ತಾಣವಿದೆ. ಅದಕ್ಕೂ ಕಾಸು ಬೇಡ. ಆದರೆ ಅಲ್ಲಿಯ ಕಂಪನಿಗಳ ಲೆಕ್ಕದ ವರ್ಷ ನಮ್ಮ ಏಪ್ರಿಲ್-ಮಾರ್ಚ್ ಅಲ್ಲವೆಂಬುದನ್ನು ಮರೆಯಬಾರದು. ಆಪಲ್ ಕಂಪನಿಯ ವರ್ಷ ಸೆಪ್ಟೆಂಬರಿನಲ್ಲಿ ಮುಗಿಯುತ್ತದೆ.

ಇದೆಲ್ಲ ಅಂಕಪಟ್ಟಿಗಾಗಿ ಮಾಡುವ ಕಸರತ್ತೆಂದು ಯಾರೂ ತಿಳಿಯಬಾರದು. ಕಳೆದ ವರ್ಷ ನಮ್ಮ ಪಕ್ಕದ ಊರಿಗೆ ಒಬ್ಬ ಮಹಾಶಯರು ಬಂದು, ತಮ್ಮ ಕಂಪನಿ ತೆಂಗಿನ ಚಿಪ್ಪನ್ನು ಖಾಯಂ ದರಕ್ಕೆ ಕೊಳ್ಳುವುದೆಂದೂ, ಸದಸ್ಯರಾಗುವವರು ಮೊದಲಿಗೆ ಐದು ಸಾವಿರ ಠೇವಣಿ ಇಡಬೇಕೆಂದೂ ಹೇಳಿದರು. ಗೆಳೆಯನ ಅಣ್ಣ ದುಡ್ಡು ಹೊಂದಿಸಿಯೂ ಬಿಟ್ಟಿದ್ದ. ಭಾರತದಲ್ಲಿ ನೋಂದಣಿಯಾದ ಪ್ರತಿ ಕಂಪನಿಗೂ 21 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆಯಿರುತ್ತದೆ. ಮೊದಲ ಅಕ್ಷರ ಷೇರುಪೇಟೆಯಲ್ಲಿದೆಯೇ ಇಲ್ಲವೇ ಎಂಬುದನ್ನು ಹೇಳುತ್ತದೆ. ಬಳಿಕ ಐದು ಅಂಕಿ ಉದ್ಯಮದ ಬಗೆ. ಎರಡು ಅಕ್ಷರ ರಾಜ್ಯ. ನಾಲ್ಕು ಅಂಕಿ ಹುಟ್ಟಿದ ವರ್ಷ. ಮೂರು ಅಕ್ಷರ ಕಂಪನಿಯ ಜಾತಿ. ಕೊನೆಯ ಆರು ನೋಂದಣಿ ಸಂಖ್ಯೆ. "ನಿಮ್ಮ ಕಂಪನಿಯ ಸಂಖ್ಯೆ ಕೊಡಿ ಸಾರ್" ಎಂದು ಕೇಳಿದೆವು. "ನಾಳೆ ತರುತ್ತೇನೆ" ಎಂದರು. ಕಂಪನಿ ವ್ಯವಹಾರಗಳ ಸಚಿವಾಲಯದ ತಾಣದಲ್ಲಿ ಆ ಹೆಸರಿಟ್ಟು ಹುಡುಕಿದರೆ ಅಂಥ ಕಂಪನಿಯೇ ಇಲ್ಲ. ಆ ನಾಳೆ ಇನ್ನೂ ಬಂದಿಲ್ಲ. ಒಂದು ಎಚ್ಚರಿಕೆಯನ್ನು ಇಲ್ಲಿ ಸೇರಿಸಬೇಕು: ಪಾಲುದಾರಿಕೆಯ ಅಂಗಡಿಗಳು, ಒಬ್ಬರೇ ನಡೆಸುವ ಮಂಡಿಗಳು ಈ ಪಟ್ಟಿಯಲ್ಲಿ ಬರುವುದಿಲ್ಲ; ಬರದ ಮಾತ್ರಕ್ಕೆ ಅವರು ವಂಚಕರಲ್ಲ. ಪಟ್ಟಿಯಲ್ಲಿ ಇದ್ದ ಮಾತ್ರಕ್ಕೆ ಯಾರೂ ಸಾಧುಗಳೂ ಅಲ್ಲ.

ಇನ್ನು ವಿದ್ವಾಂಸರ ಬರಹಗಳ ವಿಚಾರ. ಇದನ್ನು ಬರೆಯುವಾಗ ನಮ್ಮ ಅಧ್ಯಾಪಕ ವೃಂದದ ಕ್ಷಮೆ ಕೋರಬೇಕಾಗಿದೆ. ಕಾಲೇಜುಗಳಿಗೆಂದೇ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಎಂಬ ವ್ಯವಸ್ಥೆಯಿದೆ. ಸಾವಿರಾರು ಪತ್ರಿಕೆಗಳು, ಲಕ್ಷಕ್ಕೂ ಮೀರಿದ ಪುಸ್ತಕಗಳು ಅದರಲ್ಲಿವೆ. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ 'ಒಂದು ರಾಷ್ಟ್ರ ಒಂದು ಚಂದಾ' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. 6,300ಕ್ಕೂ ಮಿಗಿಲಾದ ಸರಕಾರಿ ಸಂಸ್ಥೆಗಳಿಗೆ 2025ರ ಜನವರಿಯಿಂದ ಓದಲು ಅವಕಾಶ. ಇಷ್ಟು ಹಣ ನಮ್ಮಂಥವರಿಗಾಗಿ ಖರ್ಚಾಗುತ್ತಿದೆ. ನಮ್ಮ ತರಗತಿಯಲ್ಲಿ ಎನ್-ಲಿಸ್ಟಿನ ಪ್ರವೇಶಪದ ಯಾರ ಬಳಿ ಇದೆಯೆಂದು ವಿಚಾರಿಸಿದೆ. ನಲವತ್ತೆರಡು ಮಂದಿಯಲ್ಲಿ ಮೂವರು ಕೈಯೆತ್ತಿದರು. ಅವರಲ್ಲೊಬ್ಬರು ಮರೆತುಹೋಗಿದೆ ಎಂದರು. ಗ್ರಂಥಪಾಲಕರನ್ನು ಕೇಳಿದರೆ, "ಕೇಳಿದವರಿಗೆಲ್ಲ ಕೊಡುತ್ತೇನಪ್ಪ, ಕೇಳುವವರೇ ಇಲ್ಲ" ಎಂದರು. ಅವರ ಮಾತು ನಿಜ. ಆದರೆ ಮನೆಯಲ್ಲಿ ಓದಿದವರಿಲ್ಲದ ಹುಡುಗನಿಗೆ, ಹುಡುಗಿಗೆ, ಇಂಥದೊಂದು ಉಂಟೆಂಬುದೇ ತಿಳಿಯದಿರುವಾಗ ಏನೆಂದು ಕೇಳಿಯಾರು? ವರ್ಷದ ಆರಂಭದಲ್ಲಿ ಒಂದೇ ಒಂದು ಗಂಟೆ, ಎಲ್ಲ ವಿಭಾಗದವರನ್ನೂ ಗ್ರಂಥಾಲಯಕ್ಕೆ ಕರೆದೊಯ್ದು ಪ್ರವೇಶಪದ ಕೊಟ್ಟು, ಒಂದು ಲೇಖನವನ್ನು ತೆರೆದು ತೋರಿಸಿದರೆ ಸಾಕು. ಇದಕ್ಕೆ ಹೊಸ ಕಟ್ಟಡವೂ ಬೇಡ, ಅನುದಾನವೂ ಬೇಡ.

ಇಂಗ್ಲಿಷಿನ ತೊಡಕು ಇದ್ದೇ ಇದೆ. ನಾನು ಕನ್ನಡ ಮಾಧ್ಯಮದವನು. ಒಂದು ಪುಟ ಓದಲು ಮೊದಮೊದಲು ಒಂದು ಸಂಜೆ ಬೇಕಾಗುತ್ತಿತ್ತು. ಪಿಎಚ್.ಡಿ. ಪ್ರಬಂಧಗಳ ಭಂಡಾರವಾದ ಶೋಧಗಂಗಾದಲ್ಲಿ ಕನ್ನಡದಲ್ಲಿ ಬರೆದ ಪ್ರಬಂಧಗಳೂ ಇವೆ. ಅವನ್ನು ಜೊತೆಗಿಟ್ಟುಕೊಂಡು ಓದಿದರೆ ಪರಿಭಾಷೆ ನಿಧಾನವಾಗಿ ಕೈವಶವಾಗುತ್ತದೆ. ಈ ಕಷ್ಟವನ್ನು ತಪ್ಪಿಸಿಕೊಳ್ಳಲೆಂದು ನಾನು ಒಮ್ಮೆ ಅಡ್ಡದಾರಿ ಹಿಡಿದೆ. ಕೇಳಿದ್ದಕ್ಕೆಲ್ಲ ಉತ್ತರ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರವನ್ನು ಕೊಬ್ಬರಿ ವ್ಯಾಪಾರದ ಬಗ್ಗೆ ಕೇಳಿದೆ. ಅದು ಸೊಗಸಾದ ಕನ್ನಡದಲ್ಲಿ ಎರಡು ಪುಟ ಬರೆದು, ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಸಮೇತ ಒಂದು ಆಧಾರವನ್ನೂ ಒದಗಿಸಿತು. ಅಧ್ಯಾಪಕರು ಅದನ್ನು ನೋಡಿ, "ಈ ಲೇಖನ ತಂದು ತೋರಿಸು, ನಾನೂ ಓದಬೇಕು" ಎಂದರು. ನಾಲ್ಕು ದಿನ ಹುಡುಕಿದೆ. ಆ ಪತ್ರಿಕೆ ಇತ್ತು, ಆ ಸಂಪುಟ ಇತ್ತು, ಆ ಪುಟಗಳಲ್ಲಿ ಬೇರಾರೋ ಬೇರೇನನ್ನೋ ಬರೆದಿದ್ದರು. ಬರಿಗೈಯಲ್ಲಿ ಹೋಗಿ ನಿಂತಾಗ ಅವರು ಬೈಯಲಿಲ್ಲ. "ಹುಡುಕಿದೆಯಲ್ಲ, ಅಷ್ಟು ಸಾಕು" ಎಂದು ಹೇಳಿ ಆ ಸಾಲನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದರು. ಬೈದಿದ್ದರೆ ಇಷ್ಟು ದಿನ ನೆನಪಿರುತ್ತಿರಲಿಲ್ಲವೇನೋ.

ಅಂತರ್ಜಾಲದಲ್ಲಿ ಇರುವುದೆಲ್ಲ ನಿಲ್ಲುವುದೂ ಇಲ್ಲ. ಸರಕಾರಿ ತಾಣಗಳು ಹೊಸ ವೇಷ ತೊಟ್ಟಾಗ ಹಳೆಯ ಕೊಂಡಿಗಳು ಸತ್ತುಹೋಗುತ್ತವೆ. ನೋಡಿದ ದಿನವೇ ಪುಟವನ್ನು ಉಳಿಸಿ, ಮೇಲೆ ತಾರೀಖು ಬರೆದಿಡುವುದನ್ನು ನಾನು ಎರಡು ಅಧ್ಯಾಯ ಕಳೆದುಕೊಂಡ ಮೇಲೆ ಕಲಿತೆ. ಕಳೆದುಹೋದ ಕೆಲವು ಪುಟಗಳು ಇಂಟರ್ನೆಟ್ ಆರ್ಕೈವ್ ಎಂಬ ಸಂಸ್ಥೆಯ ವೇಬ್ಯಾಕ್ ಮೆಷಿನ್ನಿನಲ್ಲಿ ಸಿಕ್ಕಿದವು, ಎಲ್ಲವೂ ಸಿಗಲಿಲ್ಲ.

ದಾಖಲೆಯಲ್ಲಿ ಎಲ್ಲವೂ ಇದೆಯೆಂದು ನಾನು ಸಾಧಿಸಲು ಹೊರಟರೆ ನನ್ನ ಸಹಪಾಠಿಯೊಬ್ಬಳು ಸುಮ್ಮನಿರುವುದಿಲ್ಲ. ಆಕೆಯ ವಿಷಯ ಊದುಬತ್ತಿ. 2019ರ ಆಗಸ್ಟ್ 31ರಂದು ಕೇಂದ್ರ ಸರಕಾರ ಊದುಬತ್ತಿಯ ಆಮದಿಗೆ ನಿರ್ಬಂಧ ಹಾಕಿತು. ಅದರ ಅಧಿಸೂಚನೆ ಸಿಕ್ಕಿತು. ಆಮದಿನ ಅಂಕಿಗಳು ಸಿಕ್ಕಿದವು. ಆದರೆ ಮನೆಯಲ್ಲಿ ಕುಳಿತು ಬತ್ತಿ ಹೊಸೆಯುವ ತನ್ನ ತಾಯಿಗೆ ಸಾವಿರಕ್ಕೆ ಎಷ್ಟು ಕೊಡುತ್ತಾರೆ, ಆ ನಿರ್ಬಂಧದ ಅನಂತರ ಅದು ಏರಿತೇ ಎಂಬುದು ಯಾವ ತಾಣದಲ್ಲಿಯೂ ಇಲ್ಲ. ಆಕೆ ನೋಟ್‌ಬುಕ್ ಹಿಡಿದು ತನ್ನ ಬೀದಿಯ ಮೂವತ್ತು ಮನೆಗಳಿಗೆ ಹೋಗಿ ಬರೆದುಕೊಂಡು ಬಂದಳು. ನನ್ನ ಅಭಿಪ್ರಾಯದಲ್ಲಿ ಈ ವರ್ಷ ನಮ್ಮ ವಿಭಾಗದ ಅತ್ಯುತ್ತಮ ಕಿರುಪ್ರಬಂಧ ಅದೇ. ಸರಕಾರದ ಅಂಕಿಗಳನ್ನು ಬಿಟ್ಟಿದ್ದರೆ ಅದು ಬರೇ ದೂರಾಗುತ್ತಿತ್ತು, ಮೂವತ್ತು ಮನೆಗಳನ್ನು ಬಿಟ್ಟಿದ್ದರೆ ಬರೇ ನಕಲಾಗುತ್ತಿತ್ತು. ನನ್ನ ಪ್ರಬಂಧದಲ್ಲಿಯೂ ಧಾರಣೆ ಇದೆ. ಗಾಡಿ ಬಾಡಿಗೆ, ಹಮಾಲಿ, ಸುಲಿಯುವ ಕೂಲಿ ಕಳೆದು ಮನೆಗೆ ಬಂದದ್ದೆಷ್ಟು ಎಂಬುದನ್ನು ಅಪ್ಪನ ಬಾಯಿಂದಲೇ ಬರೆದುಕೊಳ್ಳಬೇಕಾಯಿತು. ಅಪ್ಪನಿಗೆ ಹನ್ನೊಂದು ವರ್ಷಗಳ ಲೆಕ್ಕ ನೆನಪಿತ್ತು. ಆಧಾರಗ್ರಂಥಗಳ ಪಟ್ಟಿಯಲ್ಲಿ ಅಪ್ಪನ ಹೆಸರನ್ನು ಹೇಗೆ ಬರೆಯಬೇಕೆಂದು ಅಧ್ಯಾಪಕರನ್ನು ಕೇಳಿದ್ದೇನೆ, ನೋಡಿ ಹೇಳುತ್ತೇನೆಂದಿದ್ದಾರೆ.

ಈಗಲೂ ಮಂಡಿಯಲ್ಲಿ ಟೆಂಡರು ನಡೆಯುವ ದಿನ ದೊಡ್ಡಪ್ಪನ ಕರೆ ಬರುತ್ತದೆ. "ಏನಾತೋ ಇವತ್ತು?" ಎನ್ನುತ್ತಾರೆ. ಫೋನಿನಲ್ಲಿ ಆಗಲೇ ಮೂರು ನಾಲ್ಕು ಸುದ್ದಿಗಳು ಬಂದು ಬಿದ್ದಿರುತ್ತವೆ. ಒಂದೊಂದರಲ್ಲಿ ಒಂದೊಂದು ಬೆಲೆ. ನಾನು ಧಾರಣೆಯ ಪುಟವನ್ನು ತೆರೆದು ನೋಡುತ್ತೇನೆ. ಕೆಲವು ದಿನ ಅಂದಿನ ಸಾಲು ಇನ್ನೂ ಖಾಲಿಯಿರುತ್ತದೆ. "ಇನ್ನೂ ಬಂದಿಲ್ಲ ದೊಡ್ಡಪ್ಪ, ಸಂಜೆ ಹೇಳ್ತೀನಿ" ಎನ್ನುತ್ತೇನೆ. ಜೋಯಿಸನ ಬಾಯಿಂದ ಇಂಥ ಮಾತು ಬಂದುದಕ್ಕೆ ಮೊದಮೊದಲು ದೊಡ್ಡಪ್ಪನಿಗೆ ಬೇಸರವಾಗುತ್ತಿತ್ತು. ಮೊನ್ನೆ ಮಾತ್ರ, "ಸರಿ, ಚೀಲ ಇವತ್ತು ಕಟ್ಟಲ್ಲ ಹಂಗಾದ್ರೆ. ಸಂಜೆ ಮರೀಬೇಡ, ಉಂಡೇದು ನೋಡು" ಎಂದು ಹೇಳಿ ಫೋನ್ ಇಟ್ಟರು.